ಸಂಜೆ ರಸ್ತೆಯ ಲಾಂಗ್ ಎಕ್ಸ್‌ಪೋಷರ್: ಬೀದಿದೀಪ ಬೆಳ್ಳಗಾಗುತ್ತಿದೆ

ಪ್ರಶ್ನೆ: ಕಾರವಾರದ ಬೀಚ್ ಪಕ್ಕದ ಹೆದ್ದಾರಿ 66ರಲ್ಲಿ ವಾಹನಗಳ ಬೆಳಕಿನ ಗೆರೆ ತೆಗೆಯಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ರಂಧ್ರ) ಎಫ್/22, ಷಟರ್ 30 ಸೆಕೆಂಡ್ ತೆರೆದಿಟ್ಟರೆ ಗೆರೆ ಮಂಕು, ಬೀದಿದೀಪ ಮಾತ್ರ ಪೂರ್ತಿ ಬಿಳಿ. ಚಿತ್ರವೂ ಮೊಂಡು. ಏನು ಬದಲಿಸಲಿ?

ಉತ್ತರ 1: ಮೊದಲು ಎಫ್/22 ಬಿಡಿ. ಅಷ್ಟು ಸಣ್ಣ ರಂಧ್ರದಲ್ಲಿ ಬೆಳಕು ಚದುರಿ ಚಿತ್ರ ಮೊಂಡಾಗುತ್ತದೆ. ರಂಧ್ರ ದೊಡ್ಡದಾಗುವ ಎಫ್/8ಕ್ಕೆ ಬಂದರೆ ಅದೇ ಎಕ್ಸ್‌ಪೋಷರ್‌ಗೆ ಸುಮಾರು 4 ಸೆಕೆಂಡ್ ಸಾಕು. ಮುಖ್ಯ ವಿಷಯ ಇದು: ಓಡುವ ದೀಪದ ಗೆರೆಯ ಪ್ರಖರತೆಯನ್ನು ಅಪರ್ಚರ್ ಮತ್ತು ಐಎಸ್‌ಒ ನಿರ್ಧರಿಸುತ್ತವೆ, ಷಟರ್ ವೇಳೆಯಲ್ಲ. ವೇಳೆ ಹೆಚ್ಚಿದಷ್ಟೂ ಗೆರೆ ಉದ್ದವಾಗುತ್ತದೆ ಅಷ್ಟೆ. ನಿಂತ ಬೀದಿದೀಪ, ಆಕಾಶ ಮಾತ್ರ ವೇಳೆಯೊಂದಿಗೆ ಬೆಳಗುತ್ತಲೇ ಹೋಗುತ್ತವೆ. ಹಾಗಾಗಿ ಎಫ್/8ರಲ್ಲಿ 4 ಸೆಕೆಂಡಿನ ಎಂಟು ಚಿತ್ರ ಬಿಡದೆ ತೆಗೆದು, ಎಡಿಟಿಂಗ್‌ನಲ್ಲಿ 'ಲೈಟನ್' ಮೋಡಿನಲ್ಲಿ (ಪ್ರತಿ ಬಿಂದುವಿನಲ್ಲೂ ಹೆಚ್ಚು ಬೆಳಗಿದ್ದನ್ನಷ್ಟೇ ಉಳಿಸುವ ವಿಧಾನ) ಒಂದರ ಮೇಲೊಂದು ಕೂರಿಸಿ. ಗೆರೆ ಉದ್ದವಾಗುತ್ತದೆ, ದೀಪ ಒಂದೇ ಚಿತ್ರದಲ್ಲಿದ್ದಷ್ಟೇ ಬೆಳಗಿರುತ್ತದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಚಿತ್ರದ ಚುಕ್ಕೆ ಕಡಿಮೆ ಮಾಡುವ ಸೌಲಭ್ಯ) ಆಫ್ ಮಾಡಿ, ಇಲ್ಲದಿದ್ದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಕಾಯಿಸಿ ಗೆರೆ ತುಂಡಾಗುತ್ತದೆ.

ಉತ್ತರ 2: ಸೂರ್ಯಾಸ್ತದ ಮೇಲೆ 20ರಿಂದ 30 ನಿಮಿಷದೊಳಗೆ ಮುಗಿಸಿ. ಆಗ ಆಕಾಶದಲ್ಲಿ ನೀಲಿ ಉಳಿದಿರುತ್ತದೆ, ದೀಪದೊಂದಿಗಿನ ಬೆಳಕಿನ ಅಂತರವೂ ಕಡಿಮೆ. ಕಾಳಿ ನದಿಯ ಸೇತುವೆಯ ಮೇಲೆ ಟ್ರೈಪಾಡ್ ಬೇಡ, ಲಾರಿ ಹೋದರೆ ಸೇತುವೆಯ ಹಾಸೇ ನಡುಗುತ್ತದೆ, ದಡದಿಂದ ತೆಗೆಯಿರಿ. ಕಡಲ ಗಾಳಿಗೆ ಟ್ರೈಪಾಡಿನ ನಡುಗಂಬ ಎತ್ತಬೇಡಿ. ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ಸೌಲಭ್ಯ) ಆಫ್, 2 ಸೆಕೆಂಡ್ ಟೈಮರ್ ಆನ್. ಉಪ್ಪಿನ ಪದರ ಲೆನ್ಸಿಗೆ ಕೂತರೆ ಪ್ರತಿ ದೀಪದ ಸುತ್ತ ಮಬ್ಬು ಬರುತ್ತದೆ, ಆಗಾಗ ಒರೆಸಿ.

ಪ್ರಶ್ನೆ ಕೇಳಿದವರು: ಧನ್ಯವಾದ. ಶಿರಸಿಯ ಪೇಟೆಯಲ್ಲಿ ಜನರೂ ಕಾಣಬೇಕಾದರೆ?

ಉತ್ತರ 1: 1/4ರಿಂದ 1/2 ಸೆಕೆಂಡ್. 15 ಸೆಕೆಂಡಿಗೆ ನಡೆಯುವವರು ಮಾಯವಾಗುತ್ತಾರೆ, ನಿಂತವರಷ್ಟೇ ಉಳಿಯುತ್ತಾರೆ.