ಬಂದಾಗಲೂ ಪಕ್ಕಕ್ಕೆ, ಹೋಗುವಾಗಲೂ ಪಕ್ಕಕ್ಕೆ: ನಮ್ಮ ಮನೆಯ ಗುಂಪಿನಲ್ಲಿ ಪಿಂಚಣಿ ಚರ್ಚೆ

ಭಾವ, ಮಣಿಪಾಲ: (ಫಾರ್ವರ್ಡ್) ಐಬಿಎಂ ಕಂಪನಿಗೆ 2022ರ ಜುಲೈ-ಸೆಪ್ಟೆಂಬರ್‌ನಲ್ಲಿ 320 ಕೋಟಿ ಡಾಲರ್ ನಷ್ಟ! ಕಾರಣ ಪಿಂಚಣಿ ಲೆಕ್ಕದ 590 ಕೋಟಿ ಡಾಲರ್. ಇಡೀ ವರ್ಷ ಸಂಶೋಧನೆಗೆ ಹಾಕಿದ್ದು ಸುಮಾರು 650 ಕೋಟಿ. ಮುದುಕರಿಗೆ ಕೊಟ್ಟ ಹಣದಲ್ಲಿ ಹೊಸ ತಂತ್ರಜ್ಞಾನ ಹುಟ್ಟುತ್ತಿತ್ತು. ಎಲ್ಲರಿಗೂ ಕಳಿಸಿ.

ಭಾವ, ಮಣಿಪಾಲ: ನಮ್ಮ ಷೇರು ಗುಂಪಿನಲ್ಲಿ ಬಂದದ್ದು. ಯೋಚನೆ ಮಾಡಬೇಕಾದ ವಿಷಯ.

ದೊಡ್ಡಪ್ಪ: "ಮುದುಕರಿಗೆ ಕೊಟ್ಟ ಹಣ" ಅಂದ್ರೆ ಎಂತ ಅರ್ಥ ಮಾರಾಯ್ರೆ?

ದೊಡ್ಡಪ್ಪ: ನಾನು 36 ವರ್ಷ ಬ್ಯಾಂಕಿನಲ್ಲಿ ದುಡಿದವ. ಪಿಂಚಣಿ ಬೇಕು ಅಂತ ಬರೆದುಕೊಟ್ಟಾಗ ಪಿಎಫ್‌ಗೆ ಬ್ಯಾಂಕು ಹಾಕಿದ ಪಾಲನ್ನು ಬಡ್ಡಿ ಸಮೇತ ಬಿಟ್ಟುಕೊಟ್ಟಿದ್ದೇನೆ. ಯಾರೂ ಧರ್ಮಕ್ಕೆ ಕೊಡುವುದಲ್ಲ. 1982ರ ಡಿಸೆಂಬರ್ 17ಕ್ಕೆ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದ್ದು, ಪಿಂಚಣಿ ದಯೆಯಲ್ಲ, ಹಕ್ಕು ಅಂತ. ಆ ದಿನವನ್ನೇ ನಾವು ಪಿಂಚಣಿದಾರರ ದಿನ ಅಂತ ಮಾಡುವುದು.

ಭಾವ, ಮಣಿಪಾಲ: ಮಾವ, ನಿಮ್ಮ ಬಗ್ಗೆ ಅಲ್ಲ. ಅಮೆರಿಕದ ಕಂಪನಿಯ ಲೆಕ್ಕ. ಹಳೆಯವರ ಭಾರ ಹೊತ್ತುಕೊಂಡು ಹೊಸದಕ್ಕೆ ದುಡ್ಡು ಎಲ್ಲಿಂದ ಬರಬೇಕು ಅಂತ ಅಷ್ಟೆ.

ನಾನು: ಭಾವ, ಅಂಕಿಗಳು ಸರಿ ಉಂಟು, ಅರ್ಥ ಪೂರಾ ತಪ್ಪು. ದಿನಾ ಬ್ಯಾಲೆನ್ಸ್ ಶೀಟ್, ಅಂದರೆ ಕಂಪನಿಗಳ ಆಸ್ತಿ-ಸಾಲದ ಲೆಕ್ಕ, ನೋಡುವ ಕೆಲಸ ನನ್ನದು, ಹಾಗಾಗಿ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಆ 590 ಕೋಟಿ ಆ ಮೂರು ತಿಂಗಳಲ್ಲಿ ಯಾವ ಮುದುಕರ ಕೈಗೂ ಹೋಗಿಲ್ಲ. ಕಂಪನಿಯ ನಗದಿನಿಂದಲೂ ಹೋಗಿಲ್ಲ. ನಡೆದದ್ದು ಬೇರೆ. ಸುಮಾರು 1 ಲಕ್ಷ ಜನರಿಗೆ ಪಿಂಚಣಿ ಕೊಡುವ ಜವಾಬ್ದಾರಿಯನ್ನು ಐಬಿಎಂ ಪ್ರುಡೆನ್ಶಿಯಲ್ ಮತ್ತು ಮೆಟ್‌ಲೈಫ್ ಎಂಬ ಎರಡು ವಿಮಾ ಕಂಪನಿಗಳಿಗೆ ವಹಿಸಿಕೊಟ್ಟಿತು. ಅದರೊಟ್ಟಿಗೆ ಪಿಂಚಣಿ ನಿಧಿಯಲ್ಲಿ ಮೊದಲೇ ಇದ್ದ ಸುಮಾರು 1,600 ಕೋಟಿ ಡಾಲರ್ ಕೂಡ ಹೋಯಿತು.

ಅತ್ತೆ, ಉಡುಪಿ: ಹಾಗಾದ್ರೆ ನಷ್ಟ ಎಲ್ಲಿಂದ ಬಂತು?

ನಾನು: ಹಳೆಯ ನಷ್ಟ ಅತ್ತೆ. ಹತ್ತು ವರ್ಷ ಕಳೆದು 100 ರೂಪಾಯಿ ಕೊಡಬೇಕು ಅಂತ ಇಟ್ಟುಕೊಳ್ಳಿ. ಶೇ 7 ಬಡ್ಡಿ ಸಿಗುವುದಾದರೆ ಇವತ್ತು 51 ರೂಪಾಯಿ ತೆಗೆದಿಟ್ಟರೆ ಸಾಕು. ಬಡ್ಡಿ ಶೇ 5ಕ್ಕೆ ಇಳಿದರೆ 61 ಬೇಕು. ಆ 10 ರೂಪಾಯಿ ಕೊರತೆಯನ್ನು ಅಲ್ಲಿಯ ಲೆಕ್ಕದ ನಿಯಮದ ಪ್ರಕಾರ ಕೂಡಲೇ ಲಾಭ-ನಷ್ಟ ಪಟ್ಟಿಗೆ ತರಬೇಕೆಂದಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಬಂಡವಾಳದ ಕೆಳಗೆ ಬೇರೆಯೇ ಒಂದು ಸಾಲಿನಲ್ಲಿ ಇಟ್ಟು, ವರ್ಷವರ್ಷ ಸ್ವಲ್ಪ ಸ್ವಲ್ಪ ಕರಗಿಸಬಹುದು. ಜನ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ವರ್ಷ ಬದುಕಿದರೂ ಕೊರತೆ ಅಲ್ಲಿಗೇ ಸೇರುವುದು. ಜವಾಬ್ದಾರಿಯನ್ನೇ ದಾಟಿಸಿದ ದಿನ, ಆ ಪಾಲಿನ ಕೊರತೆಯೆಲ್ಲ ಒಮ್ಮೆಲೇ ಪಟ್ಟಿಗೆ ಬರಬೇಕು. 590 ಕೋಟಿ ಅಂದರೆ ಅದು.

ಭಾವ, ಮಣಿಪಾಲ: ಆಯ್ತು, ನಗದು ಹೋಗಿಲ್ಲ. ಹಾಗಾದರೆ ಅದನ್ನು ಬಿಟ್ಟು ಲಾಭ ನೋಡಿದರೆ ಆಯಿತಲ್ಲ? ಕಂಪನಿಯೂ ಒಂದೇ ಸಲದ್ದು ಅಂತ ಬೇರೆ ಮಾಡಿ ತೋರಿಸುತ್ತದೆ.

ನಾನು: ಒಂದೇ ಸಲ ಅಲ್ಲ ಭಾವ. 2024ರಲ್ಲಿ ಮತ್ತೆ ಸುಮಾರು 600 ಕೋಟಿ ಡಾಲರಿನ ಜವಾಬ್ದಾರಿಯನ್ನು ಪ್ರುಡೆನ್ಶಿಯಲ್‌ಗೆ ಕೊಟ್ಟರು. ಮತ್ತೆ 270 ಕೋಟಿ ಡಾಲರ್ ಪಟ್ಟಿಗೆ ಬಂತು, ಆ ಮೂರು ತಿಂಗಳೂ ನಷ್ಟವೇ. ನನಗೆ ತಡೆಯಲಿಕ್ಕೆ ಆಗದ್ದು ಇದು. ಕೊರತೆ ಹುಟ್ಟಿದಾಗ ಲಾಭದಲ್ಲಿ ಕಳೆಯಲಿಲ್ಲ, ಪಕ್ಕಕ್ಕೆ ಇಟ್ಟರು. ಕೊನೆಗೆ ಪಟ್ಟಿಗೆ ಬಂದಾಗ "ವಿಶೇಷ ಬಾಬ್ತು, ಲೆಕ್ಕಕ್ಕೆ ಹಿಡಿಯಬೇಡಿ" ಅಂದರು. ಹಾಗಾದರೆ ಆ ಜನ ದುಡಿದ ಸಂಬಳದ ಈ ಭಾಗ ಯಾವ ವರ್ಷದ ಲಾಭದಿಂದ ಕಳೆದದ್ದು? ಕಂಪನಿ ಎತ್ತಿ ತೋರಿಸುವ ಲಾಭವನ್ನು ಮಾತ್ರ ನೋಡಿದವರಿಗೆ ಅದು ಯಾವತ್ತೂ ಕಾಣಲೇ ಇಲ್ಲ.

ದೊಡ್ಡಪ್ಪ: ಇದು ಸರಿಯಾದ ಪ್ರಶ್ನೆ.

ಭಾವ, ಮಣಿಪಾಲ: ಆದರೂ ಸಂಶೋಧನೆಯ ಮಾತಿಗೆ ನೀನು ಉತ್ತರ ಕೊಟ್ಟಿಲ್ಲ.

ನಾನು: ಸಂಶೋಧನೆಯ ಖರ್ಚನ್ನು ಅಲ್ಲಿ ಹೆಚ್ಚುಕಡಿಮೆ ಆಯಾ ವರ್ಷವೇ ಲಾಭದಿಂದ ಕಳೆಯಬೇಕು. ಇವತ್ತು ಹಾಕಿದ ಹಣಕ್ಕೆ ಹತ್ತು ವರ್ಷ ಕಳೆದು ಫಲ ಬಂದರೂ ಆಸ್ತಿ ಅಂತ ಬರೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಈ ತ್ರೈಮಾಸಿಕ ಲಾಭ ತೋರಿಸಬೇಕೆಂದು ಅರ್ಜೆಂಟು ಇದ್ದವರಿಗೆ ಕತ್ತರಿ ಹಾಕಲಿಕ್ಕೆ ಸುಲಭ ಅದು. ಸಂಶೋಧನೆಗೆ ಕುತ್ತು ಬರುವುದು ಅಲ್ಲಿಂದ. ಪಿಂಚಣಿದಾರರ ಮೇಲೆ ಹೊರಿಸಬೇಡಿ.

ಭಾವ, ಮಣಿಪಾಲ: ಎಲ್ಲರೂ ಹೀಗೇ ಮಾಡುವುದು. ಟಿಸಿಎಸ್ 2025ರ ಜುಲೈ-ಸೆಪ್ಟೆಂಬರ್‌ನಲ್ಲಿ ಪುನರ್ರಚನೆಗೆ, ಅಂದರೆ ಜನ ಕಡಿಮೆ ಮಾಡುವಂಥ ಬದಲಾವಣೆಯ ಖರ್ಚಿಗೆ, 1,135 ಕೋಟಿ ರೂಪಾಯಿ ಬೇರೆ ತೋರಿಸಿತು. ನಿಜವಾದ ವ್ಯಾಪಾರ ಹೇಗುಂಟು ಅಂತ ಗೊತ್ತಾಗಬೇಕಲ್ಲ ಹೂಡಿಕೆದಾರನಿಗೆ.

ನಾನು: ಬೇರೆ ಸಾಲಿನಲ್ಲಿ ತೋರಿಸಲಿ, ಒಳ್ಳೆಯದೇ. ಖರ್ಚೇ ಅಲ್ಲ ಎನ್ನುವ ಹಾಗೆ ನಾವು ಓದಬಾರದು ಅಂತ ಹೇಳುವುದು. ಐಬಿಎಂ 1993ರಲ್ಲಿ ಪುನರ್ರಚನೆಗೆ 890 ಕೋಟಿ ಡಾಲರ್ ಬರೆಯಿತು, ಆ ವರ್ಷದ ನಷ್ಟ 810 ಕೋಟಿ. 2023ರ ಆರಂಭದಲ್ಲಿ ಸುಮಾರು 3,900 ಜನರನ್ನು ತೆಗೆಯುವಾಗ 30 ಕೋಟಿ ಡಾಲರ್. ಹೆಸರು ಬದಲಾಗುತ್ತದೆ, ಖರ್ಚು ಬರುತ್ತಲೇ ಇರುತ್ತದೆ. ಅತ್ತೆಯ ಮನೆಗೆ ಪ್ರತಿ ಮೇ ತಿಂಗಳಲ್ಲಿ ಹಂಚು ಕೈಯಾಡಿಸಬೇಕು. "ಇದು ಈ ವರ್ಷಕ್ಕೆ ಮಾತ್ರ" ಅಂತ ಪ್ರತಿ ವರ್ಷ ಬಿಟ್ಟು ಲೆಕ್ಕ ಬರೆದರೆ ಮನೆಖರ್ಚು ಗೊತ್ತಾಗುತ್ತದಾ?

ಪುಟ್ಟ, ಬೆಂಗಳೂರು: ನಾನೂ ಒಂದು ಹೇಳ್ತೇನೆ. ಹೋದ ವರ್ಷ ನನ್ನ ಕೆಲಸ ಹೋಯ್ತಲ್ಲ. ಹನ್ನೊಂದು ನಿಮಿಷದ ವಿಡಿಯೊ ಕಾಲ್. ಮೂರು ತಿಂಗಳ ಸಂಬಳ ಕೊಟ್ರು. ಆಮೇಲೆ ಕಂಪನಿಯ ಫಲಿತಾಂಶದ ಪ್ರಕಟಣೆ ಓದಿದೆ. ನಮಗೆ ಕೊಟ್ಟದ್ದನ್ನು ಬಿಟ್ಟು ಲಾಭ ತೋರಿಸಿದ್ರು. ಅದನ್ನು ಓದಿದ ರಾತ್ರಿ ನಿದ್ದೆ ಬರ್ಲಿಲ್ಲ.

ಅತ್ತೆ, ಉಡುಪಿ: ಪುಟ್ಟಾ, ಇದನ್ನು ನನಗೆ ಹೇಳಲೇ ಇಲ್ಲ ನೀನು.

ಭಾವ, ಮಣಿಪಾಲ: ಪುಟ್ಟ, ಸಾರಿ ಮಾರಾಯ. ನನಗೆ ಅದು ಹೊಳೆಯಲೇ ಇಲ್ಲ.

ಅತ್ತೆ, ಉಡುಪಿ: ನಿಮ್ಮ ಮಾವ ಹೋದ ಮೇಲೆ ನನಗೆ ಸಿಗುವ ಬ್ಯಾಂಕಿನ ಕುಟುಂಬ ಪಿಂಚಣಿಗೆ ಎಷ್ಟೋ ವರ್ಷ 9,284 ರೂಪಾಯಿ ಅಂತ ಮಿತಿ ಇತ್ತು. 2021ರಲ್ಲಿ ಮಿತಿ ತೆಗೆದು ಕೊನೆಯ ಸಂಬಳದ ಶೇ 30 ಮಾಡಿದ್ರು. ಆ ತಿಂಗಳು ಪಾಸ್‌ಬುಕ್ ಪ್ರಿಂಟ್ ಮಾಡಿಸಿ, ಬ್ಯಾಂಕಿನ ಬೆಂಚಿನಲ್ಲೇ ಕೂತು ಮೂರು ಸಲ ನೋಡಿದ್ದೇನೆ. ಮಾತ್ರೆಗೆ ಮಕ್ಕಳ ಹತ್ರ ಕೇಳುವುದು ಅವತ್ತಿಗೆ ನಿಂತದ್ದು.

ದೊಡ್ಡಪ್ಪ: ತಂಗಿ, ಆ ಹೆಚ್ಚುವರಿ ಹೊರೆಯನ್ನು ಬ್ಯಾಂಕುಗಳು ಒಂದೇ ವರ್ಷ ಹೊರಬೇಕೆಂದಿಲ್ಲ, ಐದು ವರ್ಷಕ್ಕೆ ಹಂಚಿಕೊಳ್ಳಬಹುದು ಅಂತ ರಿಸರ್ವ್ ಬ್ಯಾಂಕು ಅನುಮತಿ ಕೊಟ್ಟಿತು. ಆದರೆ ಎಷ್ಟು ಬಾಕಿ ಉಂಟು ಅಂತ ಟಿಪ್ಪಣಿಯಲ್ಲಿ ಬರೆಯಬೇಕಿತ್ತು. ಕಾರ್ಪೊರೇಷನ್ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎರಡೂ ಉಡುಪಿಯಲ್ಲಿ ಹುಟ್ಟಿದವು, 2020ರ ಏಪ್ರಿಲ್ 1ಕ್ಕೆ ಎರಡೂ ಬೋರ್ಡು ಇಳಿದವು. ಆದರೂ ಅಲ್ಲಿ ದುಡಿದವರ ಪಿಂಚಣಿ ನಿಲ್ಲಲಿಲ್ಲ, ಅವುಗಳನ್ನು ವಿಲೀನ ಮಾಡಿಕೊಂಡ ಬ್ಯಾಂಕುಗಳು ಹೊತ್ತುಕೊಂಡವು.

ಭಾವ, ಮಣಿಪಾಲ: ಆ "ಮುದುಕರಿಗೆ" ಎಂಬ ಸಾಲು ನಾನು ಬರೆದದ್ದಲ್ಲ, ಆದರೆ ಓದದೆ ಕಳಿಸಿದ್ದು ನಾನೇ. ತೆಗೆಯುತ್ತೇನೆ. ಹೂಡಿಕೆದಾರನಿಗೆ ವ್ಯಾಪಾರದ ಲಾಭ ಬೇರೆಯಾಗಿ ಕಾಣಬೇಕು ಎಂಬ ಮಾತಿಗೆ ಈಗಲೂ ನಿಲ್ಲುತ್ತೇನೆ.

ನಾನು: ಅದಕ್ಕೆ ನಿಲ್ಲಿ ಭಾವ. ಹತ್ತು ವರ್ಷದ ವರದಿ ಒಟ್ಟಿಗೆ ಇಟ್ಟುಕೊಂಡು, ಪಕ್ಕಕ್ಕೆ ಇಟ್ಟದ್ದನ್ನೆಲ್ಲ ಒಮ್ಮೆ ಕೂಡಿಸಿ ನೋಡಿ.

(ಈ ಸಂದೇಶವನ್ನು ಅಳಿಸಲಾಗಿದೆ)

ದೊಡ್ಡಪ್ಪ: ಆ ವರದಿಯಲ್ಲಿ ಪಿಂಚಣಿಯ ಟಿಪ್ಪಣಿ ಇರುವ ಪುಟ ನನಗೂ ಕಳಿಸು ಮಗಳೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಳ್ಳುತ್ತೇನೆ.

ಅತ್ತೆ, ಉಡುಪಿ: ಪುಟ್ಟಾ, ಶನಿವಾರ ಬಸ್ ಹತ್ತು. ನಾನು ಗುರುವಾರ ಜೀವನ ಪ್ರಮಾಣಪತ್ರ ಕೊಟ್ಟು ಬರ್ತೇನೆ, ಆಮೇಲೆ ಮನೆಯಲ್ಲೇ ಇದ್ದೇನೆ.