ಟೈರ್ ಗಾಳಿ ಸೆನ್ಸರ್ 'ರೀಪ್ರೋಗ್ರಾಂ': ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕಾರಿನ ಚಕ್ರ ಬದಲಾಯಿಸುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಟೈರಿನ ಗಾಳಿ ಅಳೆಯುವ ಸೆನ್ಸರ್ ವಿಷಯಕ್ಕೆ ಬಂದಾಗ 'ರೀಪ್ರೋಗ್ರಾಂ' ಪದ ತೊಡಕಾಗಿದೆ. ಎಲ್ಲದಕ್ಕೂ ಈ ಒಂದೇ ಪದ ಓಡಾಡುತ್ತದೆ, ಆದರೆ ಅದರ ಹಿಂದಿರುವ ಕೆಲಸಗಳು ಬೇರೆ ಬೇರೆ. ನಮ್ಮ ಕಾರಿಗೆ ಯಾವುದು ಬೇಕು ಅಂತ ತಿಳಿಯದಿದ್ದರೆ ದುಡ್ಡು ಕೊಟ್ಟ ಮೇಲೂ ಎಚ್ಚರಿಕೆ ದೀಪ ಆರುವುದಿಲ್ಲ.

ಸೆನ್ಸರ್ ಇರುವುದು ಚಕ್ರದ ಒಳಗೆ, ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವಿನ ಬುಡದಲ್ಲಿ. ಪ್ರತಿಯೊಂದಕ್ಕೂ ತನ್ನದೇ ಗುರುತಿನ ಸಂಖ್ಯೆ ಇರುತ್ತದೆ. ಗಾಳಿ ಎಷ್ಟಿದೆ ಎಂಬುದನ್ನು ಆ ಸಂಖ್ಯೆಯ ಜೊತೆ ರೇಡಿಯೋ ಮೂಲಕ ಕಳಿಸುತ್ತದೆ. ಕಾರಿನ ಕಂಪ್ಯೂಟರ್ ತನ್ನ ಪಟ್ಟಿಯಲ್ಲಿರುವ ಸಂಖ್ಯೆಗಳಿಗೆ ಮಾತ್ರ ಕಿವಿಗೊಡುತ್ತದೆ.

ಇಲ್ಲಿ 'ಟೈರ್ ಬದಲಾಯಿಸು' ಎಂಬ ಮಾತೂ ಸಾಲದು. ಅದೇ ರಿಮ್‌ಗೆ ಹೊಸ ರಬ್ಬರ್ ಹಾಕಿಸಿದರೂ ಹಾಗೇ ಹೇಳುತ್ತೇವೆ, ಸ್ಟೆಪ್ನಿ ಹಾಕಿದರೂ, ಹೊಸ ಅಲಾಯ್ ಹಾಕಿಸಿದರೂ ಹಾಗೇ. ಸೆನ್ಸರ್ ರಿಮ್‌ಗೆ ಸೇರಿದ್ದು, ಟೈರಿಗಲ್ಲ. ಹಳೆಯ ರಿಮ್ ಉಳಿದರೆ ಸೆನ್ಸರೂ ಇದ್ದಲ್ಲೇ ಇರುತ್ತದೆ. ವಾಲ್ವಿನ ರಬ್ಬರ್ ಸೀಲ್, ಒಳಗಿನ ಪಿನ್ನು, ನಟ್ಟು ಹೊಸದು ಹಾಕಿದರೆ ಸಾಕು. ರಿಮ್ಮೇ ಬದಲಾದರೆ ಸೆನ್ಸರನ್ನು ಬಿಚ್ಚಿ ಹೊಸದಕ್ಕೆ ಕೂರಿಸಬೇಕು, ಇಲ್ಲವೇ ಹೊಸ ಸೆನ್ಸರ್ ತರಬೇಕು. ಸ್ಟೆಪ್ನಿಯಲ್ಲಂತೂ ಎಷ್ಟೋ ಕಾರುಗಳಲ್ಲಿ ಸೆನ್ಸರೇ ಇರುವುದಿಲ್ಲ. ಅದಕ್ಕೇ ಕೈಪಿಡಿಯಲ್ಲಿ 'ಟೈರ್' ಅಂದರೆ ರಬ್ಬರ್ ಮಾತ್ರ, 'ಚಕ್ರ' ಅಂದರೆ ರಿಮ್ಮೂ ಟೈರೂ ಸೇರಿದ್ದು ಅಂತ ಇಟ್ಟುಕೊಂಡಿದ್ದೇನೆ.

ಈಗ 'ರೀಪ್ರೋಗ್ರಾಂ'. ಹಲವು ಬಗೆಯ ಕಾರುಗಳಿಗೆ ಹೊಂದುವ ಖಾಲಿ ಸೆನ್ಸರ್‌ಗಳು ಸಿಗುತ್ತವೆ. ಅವಕ್ಕೆ ಕಾರಿಗೆ ಅರ್ಥವಾಗುವಂತೆ ಸಂದೇಶ ಕಳಿಸುವ ಕ್ರಮವನ್ನೂ ಒಂದು ಸಂಖ್ಯೆಯನ್ನೂ ಉಪಕರಣದಿಂದ ತುಂಬಬೇಕು. ಸೆನ್ಸರಿನ ಒಳಗೇ ಬದಲಾವಣೆ ಆಗುವುದು ಇಲ್ಲಿ ಮಾತ್ರ. ಇದಕ್ಕೆ 'ಗುರುತು ಬರೆ' ಅನ್ನಬಹುದು. ಹಳೆಯ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ಹಾಕಿದರೆ 'ಗುರುತು ನಕಲು'. ನಕಲಾದರೆ ಸೆನ್ಸರ್ ಬದಲಾಗಿದೆ ಅಂತ ಕಾರಿಗೆ ತಿಳಿಯುವುದೇ ಇಲ್ಲ, ಆದ್ದರಿಂದ ಮುಂದಿನ ಕೆಲಸ ಬೇಕಾಗುವುದೇ ಇಲ್ಲ.

ಆ ಮುಂದಿನ ಕೆಲಸವೇ ಗ್ಯಾರೇಜಿನ 'ರೀಲರ್ನ್'. ಇದರಲ್ಲಿ ಸೆನ್ಸರಿಗೆ ಏನೂ ಆಗುವುದಿಲ್ಲ, ಹೊಸ ಸಂಖ್ಯೆ ಕಲಿಯುವುದು ಕಾರು. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವಾಗಿಯೇ ಕಲಿಯುತ್ತವೆ. ಕೆಲವಕ್ಕೆ ಡ್ಯಾಶ್‌ಬೋರ್ಡ್ ಕೆಳಗಿನ ಪೋರ್ಟ್ ಮೂಲಕ ಸಂಖ್ಯೆಗಳನ್ನು ಸೇರಿಸಬೇಕು. ಇನ್ನು ಕೆಲವದರಲ್ಲಿ ಕಾರನ್ನು ಕಲಿಯುವ ಸ್ಥಿತಿಗೆ ತಂದು, ಒಂದೊಂದೇ ಚಕ್ರದ ಹತ್ತಿರ ಉಪಕರಣ ಹಿಡಿದು ಸೆನ್ಸರನ್ನು ಎಬ್ಬಿಸಬೇಕು. ಬ್ಯಾಟರಿ ಉಳಿಸಲು ಸೆನ್ಸರ್ ಹೆಚ್ಚು ಹೊತ್ತು ಮಲಗೇ ಇರುತ್ತದಲ್ವಾ, ಅದಕ್ಕೆ 'ಟ್ರಿಗರ್' ಬದಲು 'ಎಬ್ಬಿಸು' ನನಗೆ ತುಂಬ ಹಿಡಿಸಿದೆ. ಹಳೆಯ ಸೆನ್ಸರ್‌ಗಳನ್ನೇ ಹೊಸ ರಿಮ್‌ಗೆ ಕೂರಿಸಿದ್ದರೆ ಸಂಖ್ಯೆಗಳು ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಆದರೆ ಯಾವ ಚಕ್ರದಲ್ಲಿ ಎಷ್ಟು ಗಾಳಿ ಅಂತ ತೋರಿಸುವ ಕಾರಿನಲ್ಲಿ ಮುಂದಿನದು ಹಿಂದಕ್ಕೆ ಹೋದರೆ ಜಾಗ ತಪ್ಪಬಹುದು. ಆಗ ಸಂಖ್ಯೆಯಲ್ಲ, ಜಾಗ ಕಲಿಸಬೇಕು.

ಗುರುತು ಬರೆಯುವುದು, ರೀಲರ್ನ್ ಆದ ಮೇಲೆ ಬರುವ ಮೂರನೆಯ ಕೆಲಸದ ಬಗ್ಗೆ ನನಗೆ ಜಾಸ್ತಿ ಚಿಂತೆ. ಕೆಲವು ಕಾರುಗಳ ಚಕ್ರದೊಳಗೆ ಗಾಳಿ ಸೆನ್ಸರೇ ಇರುವುದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಸ್ವಲ್ಪ ಕುಗ್ಗುವುದರಿಂದ ಅದು ಉಳಿದವಕ್ಕಿಂತ ತುಸು ವೇಗವಾಗಿ ತಿರುಗುತ್ತದೆ. ಎಬಿಎಸ್ ಬ್ರೇಕಿಗಾಗಿ ಇರುವ ವೇಗದ ಸೆನ್ಸರ್‌ಗಳಿಂದ ಕಾರು ಅದನ್ನು ಕಂಡುಹಿಡಿಯುತ್ತದೆ. ಇಲ್ಲಿ ಸೆನ್ಸರ್ ವರ್ಗಾಯಿಸುವ ಮಾತೇ ಇಲ್ಲ. ಗಾಳಿ ಸರಿಯಾಗಿ ತುಂಬಿ, ಬಟನ್ ಒತ್ತಿ ಅಥವಾ ಮೆನುವಿಗೆ ಹೋಗಿ 'ಇದೇ ಸರಿಯಾದ ಅಳತೆ' ಅಂತ ತಿಳಿಸಬೇಕು. ಇದನ್ನು 'ರೀಸೆಟ್' ಅಂದರೆ ದೀಪ ಆರಿಸುವ ಬಟನ್ ಅಂತ ಜನ ಅಂದುಕೊಳ್ಳಬಹುದು. ಗಾಳಿ ತುಂಬದೆ ಸುಮ್ನೆ ಒತ್ತಿದರೆ ಕಮ್ಮಿ ಗಾಳಿಯನ್ನೇ ಕಾರು ಸರಿ ಅಂತ ನಂಬಿಬಿಡುತ್ತದೆ. ಅದು ಅಪಾಯ. 'ಅಳತೆ ಗೊತ್ತುಮಾಡು' ಅಂದರೆ ಮೊದಲು ಗಾಳಿ, ಆಮೇಲೆ ಬಟನ್ ಎಂಬ ಕ್ರಮ ಮಾತಿನಲ್ಲೇ ಬರುತ್ತದೆ ಅನ್ನಿಸುತ್ತದೆ. ನಿಮಗೆ ಇದು ಭಾರ ಅನ್ನಿಸಿದರೆ ಬೇರೆ ಹೇಳಿ, 'ರೀಸೆಟ್' ಮಾತ್ರ ಬೇಡ.

ದೀಪದ ಬಗ್ಗೆಯೂ ಒಂದು ಮಾತು. ಹೊತ್ತಿಕೊಂಡೇ ಇದ್ದರೆ ಸಾಮಾನ್ಯವಾಗಿ ಗಾಳಿ ಕಮ್ಮಿ ಅಂತ. ಕಾರು ಶುರು ಮಾಡಿದಾಗ ಒಂದು ನಿಮಿಷದಷ್ಟು ಕಾಲ ಹೊತ್ತಿ ಆರಿ ಮಾಡುತ್ತಿದ್ದು, ಆಮೇಲೆ ಆರದೆ ಹೊತ್ತಿಕೊಂಡೇ ಉಳಿದರೆ ವ್ಯವಸ್ಥೆಯಲ್ಲೇ ದೋಷವಿದೆ ಅಂತ. ಈ ಎರಡನೆಯದಕ್ಕೆ 'ಮಿಟುಕು' ಬಳಸಿದ್ದೇನೆ. 'ಮಿನುಗು' ನಕ್ಷತ್ರಕ್ಕೆ ಚೆಂದ, ಇಲ್ಲಿಗೆ ಒಗ್ಗುವುದಿಲ್ಲ.

ಕೊನೆಗೆ ಉಳಿದಿರುವುದು 'ರೀಲರ್ನ್'. 'ಕಾರಿಗೆ ಗುರುತು ಕಲಿಸು' ಅಂದರೆ ಯಾರು ಕಲಿಯುತ್ತಾರೆ ಎಂಬುದು ಸ್ಪಷ್ಟ, ಆದರೆ ಉದ್ದವಾಯಿತು. 'ಗುರುತು ಹಿಡಿಸು' ಚಿಕ್ಕದು, ಆದರೆ ಇಷ್ಟವಾಗುವಂತೆ ಮಾಡು ಎಂಬ ಅರ್ಥವೂ 'ಹಿಡಿಸು'ವಿನಲ್ಲಿದೆ. ಗ್ಯಾರೇಜ್ ಕೆಲಸ ಬಲ್ಲವರು ಯಾರಾದರೂ ಇದ್ದರೆ, ಅಲ್ಲಿ ಬಾಯಿಮಾತಿನಲ್ಲಿ ಇದಕ್ಕೆ ಏನನ್ನುತ್ತಾರೆ ತಿಳಿಸಿ. ಕನ್ನಡ ಪದ ಈಗಾಗಲೇ ಓಡಾಡುತ್ತಿದ್ದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.