ಸಹಾಯ ಬೇಕು: ಊರೊಟ್ಟಿನ ಊಟಕ್ಕೆ ಏನು ಮಾಡಿಕೊಂಡು ಹೋಗಲಿ?

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ದೋರ್ದೋನ್ ಕಡೆ, ಸಾರ್ಲಾ ಪಟ್ಟಣದ ಹತ್ತಿರ ಒಂದು ಹಳ್ಳಿಗೆ ಬಂದು ಎಂಟು ತಿಂಗಳಾಯಿತು. ಚಳಿಗಾಲವೆಲ್ಲ ಬೊಂಜೂರ್ ಬಿಟ್ಟರೆ ಯಾರ ಜೊತೆಗೂ ಮಾತಿಲ್ಲ. ಜುಲೈ ಬಂದಿದ್ದೇ ತಡ, ವಾರಪೂರ್ತಿ ಕರೆಯುತ್ತಿದ್ದಾರೆ! ನಾಳೆ ಪಕ್ಕದ ಮನೆಯಲ್ಲಿ ಅಪೆರೋ, ಅಂದರೆ ರಾತ್ರಿ ಊಟಕ್ಕೆ ಮುಂಚೆ ಕುಡಿಯಲು, ಕುರುಕಲು ಏನಾದರೂ. ಆಮೇಲೆ ರಾತ್ರಿ ಸಂತೆ. ತಟ್ಟೆ, ಚಮಚ ನಾವೇ ಒಯ್ದು, ಚೌಕದಲ್ಲಿ ಹಾಕಿದ ಉದ್ದ ಮೇಜಿಗೆ ಕೂತು ಉಣ್ಣಬೇಕು. ಕೊನೆಗೆ ಜುಲೈ 14ರ, ಅಂದರೆ ಇಲ್ಲಿನ ರಾಷ್ಟ್ರೀಯ ಹಬ್ಬದ ಊರೊಟ್ಟಿನ ಊಟ.

ಇಷ್ಟು ಪ್ರೀತಿಯಿಂದ ಕರೆದಾಗ ಹೋಗದೆ ಇರಲು ಮನಸ್ಸು ಬರಲ್ಲ. ಆದರೆ ನಾವು ಸಸ್ಯಾಹಾರಿಗಳು. ಹೋದ ವಾರ ಒಬ್ಬ ಅಜ್ಜಿ ನಮಗೆಂದೇ ಆಲೂಗಡ್ಡೆ ಹುರಿದು ತಂದರು. ಬೆಳ್ಳುಳ್ಳಿ ಘಮ, ಅಂಚೆಲ್ಲ ಕೆಂಪಗೆ ಗರಿಗರಿ. ಬಾಯಿಗಿಡುವ ಹೊತ್ತಿಗೆ ಗೊತ್ತಾಯಿತು, ಹುರಿದಿದ್ದು ಬಾತುಕೋಳಿ ಕೊಬ್ಬಿನಲ್ಲಿ. ಈ ಕಡೆ ಅದೇ ರೂಢಿ. ಬೇಡ ಅಂದಾಗ ಅವರ ಮುಖ ಸಣ್ಣಗಾಯಿತು. ನನಗೆ ಈಗಲೂ ಸಂಕಟ.

ಫ್ರಾನ್ಸಿನಲ್ಲಿ ಇರುವವರು ದಯವಿಟ್ಟು ಹೇಳಿ. ಕೊಬ್ಬು, ಲಾರ್ದೋಂ ಅನ್ನುವ ಹಂದಿಮಾಂಸದ ಸಣ್ಣ ತುಂಡು ಕೂಡ ಬೇಡ ಅಂತ ಯಾರಿಗೂ ಬೇಜಾರಾಗದ ಹಾಗೆ ಮೊದಲೇ ತಿಳಿಸೋದು ಹೇಗೆ? ಇನ್ನೊಂದು, 60 ಜನಕ್ಕೆ ಚಿತ್ರಾನ್ನ, ಕೋಸಂಬರಿ ಒಯ್ಯಬೇಕು ಅಂತಿದ್ದೇನೆ. ಅನ್ನ ನಾಲ್ಕು ಗಂಟೆ ಉದುರುದುರಾಗಿ ಉಳಿಯಬೇಕು. ಇಲ್ಲಿ ಕರಿಬೇವು ಸಿಗಲ್ಲ, ದೊಡ್ಡ ಊರಾದ ಬೋರ್ದೋಗೆ ಹೋಗಿ ತರೋಣ ಅಂದರೆ ಎರಡು ಗಂಟೆಗೂ ಜಾಸ್ತಿ ದಾರಿ. ಖಾರ ಎಷ್ಟು ಹಾಕಲಿ? ಆ ಅಜ್ಜಿಯೂ ಬರುತ್ತಾರೆ, ಅವರ ತಟ್ಟೆಗೆ ನಾನೇ ಬಡಿಸಬೇಕು ಅಂತ ಆಸೆ.